ಗಂಜಿಯಲ್ಲಿ ಗೆದ್ದು ಅಳಸಂದೆಯಲ್ಲಿ ಸೋತ ಸಿರಪ್

ಅಳಸಂದೆ ಪಲ್ಯ ತಿಂದ ರಾತ್ರಿ ನನ್ನ ಹೊಟ್ಟೆ ಚೆಂಡೆಯಂತಾಗುತ್ತದೆ. ಇದಕ್ಕೆ ಮದ್ದು ಕೇಳಿದಾಗ ಶಿರಸಿ ಪೇಟೆಯ ಔಷಧಿ ಅಂಗಡಿಯವರು ಹಿಂದೆಮುಂದೆ ನೋಡದೆ ಒಂದು ಜೀರ್ಣದ ಸಿರಪ್ ಎತ್ತಿ ಕೊಟ್ಟರು. ‘ಏನೇ ತಿನ್ನಿ, ಇದು ಕರಗಿಸುತ್ತದೆ’ ಎಂದರು. ಹೆಸರು ಬರೆಯುವುದಿಲ್ಲ, ಇದೇ ಒಳಸರಕಿನ ಬಾಟಲಿಗಳು ಹತ್ತಾರು ಹೆಸರಿನಲ್ಲಿ ಸಿಗುತ್ತವೆ. ಕಂದು ಬಣ್ಣ, ಏಲಕ್ಕಿಯ ವಾಸನೆ, ಪಾನಕದಷ್ಟು ಸಿಹಿ. ಸಕ್ಕರೆ ಕಾಯಿಲೆಯವರು ಚೀಟಿ ಓದದೆ ಕುಡಿಯಬಾರದು.

ಚೀಟಿ ಓದುವುದು ನನಗೆ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ಚಟ. 5 ಮಿಲಿಲೀಟರಿಗೆ ಫಂಗಲ್ ಡಯಾಸ್ಟೇಸ್ (ಬೂಷ್ಟಿನಿಂದ ತೆಗೆದ, ಪಿಷ್ಟ ಒಡೆಯುವ ಕಿಣ್ವ) 50 ಮಿಲಿಗ್ರಾಂ, ಪಕ್ಕದಲ್ಲಿ 1:1200 ಎಂಬ ಅಂಕೆ. ಜೊತೆಗೆ ಪ್ರೋಟೀನು ಒಡೆಯುವ ಪೆಪ್ಸಿನ್ ಸ್ವಲ್ಪ. ಆ ಅಂಕೆಯ ಅರ್ಥ, ಪರೀಕ್ಷೆಯ ಪಾತ್ರೆಯಲ್ಲಿ ಡಯಾಸ್ಟೇಸ್ ತನ್ನ ತೂಕದ 1200 ಪಟ್ಟು ಪಿಷ್ಟವನ್ನು ಒಡೆಯುತ್ತದೆ ಎಂದು. ಗುಣಿಸಿದರೆ ಒಂದು ಚಮಚಕ್ಕೆ 60 ಗ್ರಾಂ ಪಿಷ್ಟ, ಅಂದರೆ ಹೆಚ್ಚುಕಡಿಮೆ ಒಂದು ತಟ್ಟೆ ಅನ್ನ. ಕಾಗದದ ಮೇಲಿನ ಲೆಕ್ಕವನ್ನು ನಂಬುವವನು ನಾನಲ್ಲ.

ಕೆಂಪಕ್ಕಿಯ ಗಟ್ಟಿ ಗಂಜಿ ಮಾಡಿಸಿ ಎರಡು ಬಟ್ಟಲಿಗೆ ಹಾಕಿದೆ. ಬೆರಳು ಅದ್ದಿದರೆ ತಾಳುವಷ್ಟು ಆರಿದ ಮೇಲೆ ಒಂದಕ್ಕೆ ಸಿರಪ್, ಇನ್ನೊಂದಕ್ಕೆ ಅಷ್ಟೇ ಸಕ್ಕರೆ ನೀರು. ಕುದಿಯುವ ಗಂಜಿಗೆ ಹಾಕಿದರೆ ಕಿಣ್ವವೇ ಬೆಂದುಹೋಗುತ್ತದೆ. ಕಾಲು ಗಂಟೆಯೊಳಗೆ ಸಿರಪ್ ಬಿದ್ದ ಗಂಜಿ ತಿಳಿಸಾರಿನಂತೆ ಹರಿಯಿತು. ಇನ್ನೊಂದು ಬಟ್ಟಲಲ್ಲಿ ಚಮಚ ನಿಂತೇ ಇತ್ತು. ಪಿಷ್ಟ ಇದ್ದರೆ ನೀಲಿಯಾಗುವ ಅಯೋಡಿನ್ ಹನಿ ಹಾಕಿ ನೋಡಿದೆ: ಸಕ್ಕರೆ ನೀರಿನದು ಕಡುನೀಲಿ, ಸಿರಪ್‌ನದು ಕೆಂಪುಗಂದು. ‘ಎಂಜಲು ಚಮಚ ಹಾಕಬೇಡ, ಗಂಜಿ ನೀರಾಗುತ್ತದೆ’ ಎಂದು ಅಮ್ಮ ಬೈಯುತ್ತಿದ್ದಳು. ಜೊಲ್ಲಿನಲ್ಲಿರುವುದೂ ಇದೇ ಜಾತಿಯ, ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವ ಎಂಬುದು ಅವಳಿಗೆ ತಿಳಿದಿರಲಿಲ್ಲ, ಮಾತು ಮಾತ್ರ ಸರಿಯಾಗಿತ್ತು.

ಕಾರವಾರದಲ್ಲಿ ಮಗಳ ಮನೆಯ ಅಡುಗೆಕೋಣೆ ಕಿಟಕಿಯಲ್ಲಿ ಇದೇ ಸಿರಪ್‌ನ ಹಳೆಯ ಬಾಟಲಿಯೊಂದು ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಅದರಿಂದಲೂ ಗಂಜಿಯ ಪರೀಕ್ಷೆ ಮಾಡಿದೆ. ಅರ್ಧ ಗಂಟೆಯಾದರೂ ಗಂಜಿ ಗಂಜಿಯಾಗಿಯೇ ಇತ್ತು. ಕಿಣ್ವ ಪ್ರೋಟೀನು, ಸೆಖೆಗೆ ಕೆಡುತ್ತದೆ. ಹಾಗಾಗಿ ಕರಾವಳಿಯವರು ಸಿರಪ್ ಕೊಂಡರೆ ಮೊದಲು ಫ್ರಿಜ್ಜಿನಲ್ಲಿ ಜಾಗ ಮಾಡಲಿ.

ಇನ್ನು ಅಸಲಿ ವಿಷಯ. ಮೂರು ಬಾರಿ ಅಳಸಂದೆ, ಒಮ್ಮೆ ಹುರುಳಿ ಸಾರು. ಪ್ರತಿ ಬಾರಿಯೂ ಊಟದ ಮೇಲೆ ಸಿರಪ್ ಕುಡಿದೆ. ಚೆಂಡೆ ಹಾಗೆಯೇ ಬಾರಿಸಿತು. ಬಾರಿಸಲೇಬೇಕು. ಕಾಳುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಅವುಗಳಲ್ಲಿ ಗ್ಯಾಲಕ್ಟೋಸ್ ಎಂಬ ಸಣ್ಣ ಸಕ್ಕರೆಯನ್ನು ಬಿಗಿದ ಗಂಟು ಬಿಚ್ಚುವ ಆಲ್ಫಾ-ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವ ಮನುಷ್ಯನ ಜೀರ್ಣರಸದಲ್ಲಿ ಇಲ್ಲ. ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಗಾಳಿ ಎಬ್ಬಿಸುತ್ತವೆ. ಡಯಾಸ್ಟೇಸ್ ಬಿಚ್ಚುವುದು ಪಿಷ್ಟದ ಗಂಟನ್ನು ಮಾತ್ರ. 1991ರಲ್ಲಿ ಫ್ರಾನ್ಸಿನ ವಿಜ್ಞಾನಿ ಬರ್ನಾರ್ಡ್ ಹೆನ್ರಿಸಾಟ್ ಸಕ್ಕರೆ ಸರಪಳಿ ಕತ್ತರಿಸುವ ಕಿಣ್ವಗಳನ್ನು ಅಮೈನೊ ಆಮ್ಲಗಳ ಸಾಲು ಹೋಲಿಸಿ 35 ಕುಟುಂಬಗಳಾಗಿ ವಿಂಗಡಿಸಿದರು. ಈಗ ಆ ಸಂಖ್ಯೆ 180 ದಾಟಿದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಗೋತ್ರಗಳು. ಸಿರಪ್‌ನಲ್ಲಿರುವ ಅಮೈಲೇಸ್ 13ನೆಯ ಗೋತ್ರದ್ದು, ಕಾಳಿಗೆ ಬೇಕಾದದ್ದು 27 ಅಥವಾ 36ರಲ್ಲಿ ಸಿಗುತ್ತದೆ. ಅಡಿಕೆ ಸುಲಿಯುವ ಕತ್ತಿ ಹಿಡಿದು ತೆಂಗಿನಕಾಯಿ ಸುಲಿಯಲು ಕೂತಂತಾಯಿತು ನನ್ನ ಕಥೆ.

ಸಿರಪ್‌ನ ಮೇಲೆ ಸಿಟ್ಟಿಲ್ಲ. 1833ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞರಾದ ಪಯೆನ್ ಮತ್ತು ಪೆರ್ಸೋಜ್ ಮೊಳಕೆ ಬಾರ್ಲಿಯಿಂದ ತೆಗೆದ ಡಯಾಸ್ಟೇಸ್, ಬೇರ್ಪಡಿಸಿ ಹೆಸರಿಟ್ಟ ಮೊದಲ ಕಿಣ್ವ. ಜಪಾನಿನ ಜೋಕಿಚಿ ತಾಕಾಮಿನೆ ಸಾಕೆ ಮದ್ಯದ ಬೂಷ್ಟನ್ನು ಗೋದಿ ತೌಡಿನ ಮೇಲೆ ಬೆಳೆಸಿ ಡಯಾಸ್ಟೇಸ್ ತೆಗೆಯುವ ವಿಧಾನಕ್ಕೆ 1894ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ನನ್ನ ಬಾಟಲಿಯೂ ಅದೇ ವಂಶದ್ದು. ತಪ್ಪು ‘ಏನೇ ತಿನ್ನಿ’ ಎಂದ ಬಾಯಿಯದು.

ಆಮೇಲೆ ಹುಬ್ಬಳ್ಳಿಗೆ ಹೋದವರ ಕೈಯಲ್ಲಿ ಆಲ್ಫಾ-ಗ್ಯಾಲಕ್ಟೋಸಿಡೇಸ್ ಮಾತ್ರೆ ತರಿಸಿದೆ. ಬೆಲೆ ಸಿರಪ್‌ಗಿಂತ ದುಬಾರಿ. ಮೊದಲ ತುತ್ತಿನ ಜೊತೆಗೇ ನುಂಗಬೇಕು. ಊಟ ಮುಗಿಸಿ ನುಂಗಿದ ದಿನ ಅದೂ ಕೈಕೊಟ್ಟಿತು, ನೆನಪಿಟ್ಟು ನುಂಗಿದ ಎರಡು ದಿನ ರಾತ್ರಿ ನಿದ್ದೆ ಬಂತು. ಗ್ಯಾಲಕ್ಟೋಸ್ ಒಗ್ಗದ ಕಾಯಿಲೆ ಇರುವವರು ಇದರ ಹತ್ತಿರ ಹೋಗಬಾರದು.

ಇಷ್ಟೆಲ್ಲ ನೋಡಿದ ಹೆಂಡತಿ ಹುರುಳಿಯನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಬಟ್ಟೆ ಕಟ್ಟಿ ಮೊಳಕೆ ಬರಿಸಿ ಸಾರು ಮಾಡಿದಳು. ಸ್ವಲ್ಪ ಸಕ್ಕರೆ ನೀರಿನೊಡನೆ ಹೋಗುತ್ತದೆ, ಉಳಿದದ್ದರಲ್ಲಿ ಬಹುಪಾಲನ್ನು ಮೊಳಕೆಯೊಡೆಯುವ ಕಾಳು ತನ್ನದೇ ಆಲ್ಫಾ-ಗ್ಯಾಲಕ್ಟೋಸಿಡೇಸ್‌ನಿಂದ ಒಡೆದು ತಿಂದುಬಿಡುತ್ತದೆ. ನಾನು ಇದನ್ನು ವಿವರಿಸತೊಡಗಿದಾಗ ಅವಳು ಇನ್ನೊಂದು ಸೌಟು ಬಡಿಸಿದಳು.

ಸಿರಪ್ ಅರ್ಧ ಬಾಟಲಿ ಉಳಿದಿದೆ. ರಜೆಗೆ ಮೊಮ್ಮಗಳು ಬಂದಾಗ ಗಂಜಿಯ ಆಟ ತೋರಿಸಬೇಕೆಂದು ಫ್ರಿಜ್ಜಿನಲ್ಲಿ, ಅಪ್ಪೆಮಿಡಿ ಉಪ್ಪಿನಕಾಯಿ ಭರಣಿಯ ಪಕ್ಕ, ಇಟ್ಟಿದ್ದೇನೆ.