ಮಳೆಗಾಲದ ಅತಿನಿದ್ದೆಗೆ ಯಾವುದು ಒಳ್ಳೆಯದು: ಲೈಟ್ ಬಾಕ್ಸೋ, ಅಲಾರಂ ದೀಪವೋ, ಬ್ಯಾಂಡೋ?

ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ: ತಿಂಡಿ ಮೇಜಿನ ಮೇಲಿಡುವ, ಪ್ರಖರ ಬೆಳಕು ಚೆಲ್ಲುವ 10,000 ಲಕ್ಸ್‌ನ ಲೈಟ್ ಬಾಕ್ಸ್. ಲಕ್ಸ್ ಎಂದರೆ ಬೀಳುವ ಬೆಳಕಿನ ಅಳತೆ. ಸೂರ್ಯ ಹುಟ್ಟುವ ಹಾಗೆ ನಿಧಾನಕ್ಕೆ ಬೆಳಗುವ ಅಲಾರಂ ದೀಪಕ್ಕೂ ಕೈಗೆ ಕಟ್ಟಿ ನಿದ್ದೆ ಅಳೆಯುವ ಬ್ಯಾಂಡಿಗೂ ದುಡ್ಡು ಹಾಕಿದ್ದೇನೆ. ಕೊಡಗಿನ ನಾಪೋಕ್ಲು ಕಡೆಯ ತೋಟದ ಮನೆಯಲ್ಲಿ, ಜಡಿಮಳೆಯಲ್ಲಿ, ಮೂರನ್ನೂ ಬಳಸಿ ಬರೆಯುತ್ತಿದ್ದೇನೆ. ಬೆಂಗಳೂರಿನ ಫ್ಲಾಟಿನಲ್ಲಿರುವವರ ಲೆಕ್ಕ ಬೇರೆಯಾದೀತು.

ಯಾವುದನ್ನೇ ಕೊಳ್ಳುವ ಮುಂಚೆ ಡಾಕ್ಟರಿಗೆ ತೋರಿಸಿ. ದೊಡ್ಡವರಿಗೆ ಸಾಮಾನ್ಯವಾಗಿ 7ರಿಂದ 9 ಗಂಟೆ ನಿದ್ದೆ ಸಾಕು. ಅಷ್ಟು ಮಲಗಿಯೂ ಹಗಲೆಲ್ಲ ಕಣ್ಣು ಎಳೆಯುತ್ತಿದ್ದರೆ ರಕ್ತಹೀನತೆ, ಥೈರಾಯ್ಡ್ ಕೊರತೆ, ಖಿನ್ನತೆ, ಗೊರಕೆಯ ನಡುವೆ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾ, ಹೀಗೆ ಏನಾದರೂ ಇರಬಹುದು. ರಕ್ತಹೀನತೆ, ಥೈರಾಯ್ಡ್, ಅಪ್ನಿಯಾ ದೀಪದಿಂದ ವಾಸಿಯಾಗುವ ಕಾಯಿಲೆಗಳಲ್ಲ, ಖಿನ್ನತೆಗೂ ಡಾಕ್ಟರನ್ನು ಬಿಟ್ಟು ಬರೀ ದೀಪ ನಂಬಿ ಕೂರಬಾರದು. ಮಳೆಗಾಲದ ಶೀತಕ್ಕೆ ನುಂಗುವ ಸೆಟಿರಿಜಿನ್ ಕೂಡ ನಿದ್ದೆ ಬರಿಸುತ್ತದೆ. ಎಪ್‌ವರ್ತ್ ಎಂಬ 8 ಪ್ರಶ್ನೆಗಳ ಪಟ್ಟಿಯಿದೆ. 24ಕ್ಕೆ 10 ದಾಟಿದರೆ ಹಗಲು ನಿದ್ದೆ ಅತಿಯಾಗಿದೆ ಎಂದರ್ಥ. ನನಗೆ 13 ಬಂತು. ಹಿಮೋಗ್ಲೋಬಿನ್, ಥೈರಾಯ್ಡ್ ನೋಡುವ ಟಿಎಸ್ಎಚ್ ಎರಡೂ ಸರಿಯಿದ್ದವು, ಗೊರಕೆಯೂ ಇಲ್ಲ. ಆದರೆ ಪ್ರತಿ ವರ್ಷ ಈ ಅತಿನಿದ್ದೆ ಮಳೆ ಹಿಡಿದ ಮೇಲೆ ಶುರುವಾಗಿ ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದ ಹೊತ್ತಿಗೆ ತಾನಾಗಿ ಬಿಡುತ್ತದೆ. ಇದನ್ನು ಕೇಳಿದ ಮೇಲೆ ಡಾಕ್ಟರು, "ಬೆಳಿಗ್ಗೆ ಕಣ್ಣಿಗೆ ಬೆಳಕು ಬೀಳ್ತಾ ಇದೆಯಾ, ನೋಡಿ" ಅಂದರು.

ಚಳಿದೇಶಗಳಲ್ಲಿ ಇದು ಹಳೆಯ ವಿಷಯ. ಚಳಿಗಾಲ ಬಂತೆಂದರೆ ಮಂಕು ಕವಿದು, ಅತಿಯಾಗಿ ನಿದ್ದೆ ಬಂದು, ಸಿಹಿ-ಹಿಟ್ಟಿನ ತಿಂಡಿ ಬೇಕೆನಿಸುವ ಸ್ಥಿತಿಯನ್ನು ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು 1984ರಲ್ಲೇ ವಿವರಿಸಿದ್ದರು, ಬೆಳಕಿನ ಚಿಕಿತ್ಸೆಯನ್ನೂ ಮಾಡಿ ನೋಡಿದ್ದರು. ಅಲ್ಲಿ ಹಗಲೇ ಗಿಡ್ಡ. ನಮ್ಮಲ್ಲಿ ಜುಲೈ ಹಗಲು 12 ಗಂಟೆಗೂ ಹೆಚ್ಚು ಉದ್ದ, ಆದರೆ ಮೇಲೆ ಮೋಡ, ಅದರ ಕೆಳಗೆ ತೋಟದ ಸಿಲ್ವರ್ ಓಕ್ ಮರಗಳು, ಅದರ ಕೆಳಗೆ ಇಳಿಮಾಡು. ನಡುಮನೆಯಲ್ಲಿ ಬಲ್ಬ್ ಹಾಕಿದರೂ ಕೆಲವು ನೂರು ಲಕ್ಸ್ ಸಿಕ್ಕರೆ ಹೆಚ್ಚು. ಬೆಳಗಿನ ಪ್ರಖರ ಬೆಳಕು ಕಣ್ಣಿಗೆ ಬಿದ್ದಾಗ ಮಿದುಳಿನ ಗಡಿಯಾರಕ್ಕೆ ಹಗಲಾಯಿತೆಂಬ ಸೂಚನೆ ಹೋಗಿ, ರಾತ್ರಿಯ ಹಾರ್ಮೋನಾದ ಮೆಲಟೋನಿನ್ ಇಳಿಯುತ್ತದೆ.

ಈಗ ಅಲಾರಂ ದೀಪದ ವಿಷಯ. ನಾನು ಮೊದಲು ತಂದದ್ದು ಇದನ್ನೇ. ಎದ್ದೇಳುವ ಅರ್ಧ ಗಂಟೆ ಮುಂಚೆ ಕೆಂಪಗೆ ಹತ್ತಿಕೊಂಡು, ಮೆಲ್ಲಗೆ ಹಳದಿಯಾಗಿ, ಕೊನೆಗೆ ಬಿಳಿಯಾಗುತ್ತದೆ. ಕರೆಂಟಿದ್ದ ದಿನ ಕರ್ಕಶವಾದ ಗಂಟೆಯಿಲ್ಲದೆ ಹಿತವಾಗಿ ಎಚ್ಚರವಾಗುತ್ತಿತ್ತು, ಅದನ್ನು ಒಪ್ಪುತ್ತೇನೆ.

ಆದರೆ ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಜಡಿಮಳೆಯ ತಿಂಗಳಲ್ಲಿ, ನಮ್ಮ ಕಡೆ ಕರೆಂಟಿರುವುದೇ ಅಪರೂಪ. ಗಾಳಿ ಬೀಸಿತು, ಎಲ್ಲೋ ಮರ ಬಿತ್ತು, ಲೈನ್ ಹೋಯಿತು. ರಾತ್ರಿ ಹೋದ ಕರೆಂಟ್ ಮೂರಕ್ಕೋ ನಾಲ್ಕಕ್ಕೋ ಬಂದಾಗ ಈ ದೀಪದ ಗಡಿಯಾರ 12:00 ಎಂದು ಮಿನುಗುತ್ತಾ ನಿಂತಿರುತ್ತಿತ್ತು. ಸಮಯವೂ ಹೋಯಿತು, ಅಲಾರಮ್ಮೂ ಹೋಯಿತು. ದೀಪವನ್ನೇ ನಂಬಿ ಫೋನಿನಲ್ಲಿ ಅಲಾರಂ ಇಡದ ದಿನ ಒಂಬತ್ತರವರೆಗೂ ಮಲಗಿದ್ದೇನೆ.

ಇನ್ವರ್ಟರಿಗೆ ಹಾಕಿದರಾಯಿತಲ್ಲ ಎಂದರು ಮನೆಯವರು. ನಮ್ಮಲ್ಲಿ ಇನ್ವರ್ಟರ್ ಲೈನ್ ಇರುವುದು ನಡುಮನೆಗೆ ಮತ್ತು ಅಡುಗೆಮನೆಗೆ. ಮಲಗುವ ಕೋಣೆಯಲ್ಲಿ ಬಲ್ಬಿಗೆ ಮಾತ್ರ, ಪ್ಲಗ್ಗಿಗಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ವೈರ್ ಎಳೆಸಿದೆವು. ಅದಾದ ಮೇಲೂ, ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಆ ಕ್ಷಣಮಾತ್ರದ ಕಡಿತಕ್ಕೇ ಗಡಿಯಾರ ಮತ್ತೆ 12:00. ಒಳಗೆ ಗುಂಡಿಯಂಥ ಸಣ್ಣ ಸೆಲ್ ಇದ್ದರೆ ಸಮಯ ಉಳಿಯುತ್ತದೆ, ನನ್ನ ಮಾಡೆಲ್ಲಿನಲ್ಲಿ ಅದಿಲ್ಲ. ಕೊಳ್ಳುವುದಾದರೆ ಅಂಗಡಿಯವರನ್ನು ಇದೊಂದನ್ನು ಕೇಳಲೇಬೇಕು: ಕರೆಂಟ್ ಹೋದಾಗ ಸಮಯದ ಜೊತೆ ಅಲಾರಂ ಸೆಟ್ಟಿಂಗೂ ಉಳಿಯುತ್ತದೆಯೇ? ಬರೀ ಸಮಯ ಉಳಿದು ಪ್ರಯೋಜನವಿಲ್ಲ.

ಬ್ಯಾಂಡಿನದು ಚಿಕ್ಕ ಮಾತು. ಅಲುಗಾಟ, ನಾಡಿ ನೋಡಿ ಅಂದಾಜು ಮಾಡುವ ಯಂತ್ರ ಅದು. ಸುಮ್ಮನೆ ಕಂಬಳಿ ಹೊದ್ದು ಮಲಗಿದ್ದನ್ನೂ ನಿದ್ದೆಯೆಂದೇ ಬರೆದುಕೊಳ್ಳುತ್ತದೆ. ಗಾಢ ನಿದ್ದೆ ಇಷ್ಟು, ಕನಸಿನ ನಿದ್ದೆ ಅಷ್ಟು ಎಂಬ ಅದರ ಪಟ್ಟಿಯನ್ನು ನಾನು ನಂಬುವುದಿಲ್ಲ. ಡಾಕ್ಟರಿಗೆ ತೋರಿಸಲು ಎಷ್ಟಕ್ಕೆ ಮಲಗಿದೆ, ಎಷ್ಟಕ್ಕೆ ಎದ್ದೆ ಎಂಬ ದಾಖಲೆ ಸಿಕ್ಕಿತು. ಆ ಕೆಲಸ ಒಂದು ನೋಟ್‌ಬುಕ್ಕಿನಿಂದಲೂ ಆಗುತ್ತದೆ.

ಲೈಟ್ ಬಾಕ್ಸಿಗೆ ಗಡಿಯಾರವೇ ಇಲ್ಲ, ಒಂದು ಸ್ವಿಚ್ಚು ಮಾತ್ರ. ಅದಕ್ಕೇ ನನಗಿಷ್ಟ. ಇದು ಎಬ್ಬಿಸುವುದಿಲ್ಲ, ಎಬ್ಬಿಸಲು ಫೋನಿದೆ. ಎದ್ದ ಮೇಲೂ ಮಂಪರು ಬಿಡದೆ ಮತ್ತೆ ಹಾಸಿಗೆಗೆ ಎಳೆಯುತ್ತದಲ್ಲ, ನನ್ನ ನಿಜವಾದ ತೊಂದರೆ ಅದು. ಆರೂವರೆಗೆ ಅಡುಗೆಮನೆಯ ಮೇಜಿನಲ್ಲಿ ಬಾಕ್ಸ್ ಹಚ್ಚಿ, ಕಾಫಿ ಕುಡಿಯುತ್ತಾ ತೋಟದ ಲೆಕ್ಕ ಬರೆಯುತ್ತಾ ಅರ್ಧ ಗಂಟೆ ಕೂರುತ್ತೇನೆ. ಎರಡನೇ ವಾರದಿಂದ ವ್ಯತ್ಯಾಸ ಗೊತ್ತಾಯಿತು: ಹನ್ನೊಂದು ಗಂಟೆಯ ತೂಕಡಿಕೆ ನಿಂತಿತು, ಊಟದ ನಂತರದ ನಿದ್ದೆ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ಕರೆಂಟ್ ಹೋದರೆ ಇನ್ವರ್ಟರಿನಲ್ಲಿ ಉರಿಯುತ್ತದೆ.

ಅಳತೆ ಮುಖ್ಯ. 10,000 ಲಕ್ಸ್ ಎಂದು ದೊಡ್ಡದಾಗಿ ಬರೆದಿದ್ದರೂ ಎಷ್ಟು ದೂರದಲ್ಲಿ ಎಂಬುದು ಸಣ್ಣಕ್ಷರದಲ್ಲಿರುತ್ತದೆ. ನನ್ನದಕ್ಕೆ 30 ಸೆಂಟಿಮೀಟರ್. ಮೇಜಿನ ಆಚೆ ತುದಿಗೆ ತಳ್ಳಿದರೆ ಬೆಳಕು ಬಹಳ ಇಳಿದುಹೋಗುತ್ತದೆ. ದೀಪವನ್ನೇ ದಿಟ್ಟಿಸಬಾರದು, ಓರೆಗಿಟ್ಟುಕೊಳ್ಳಬೇಕು. ಯುವಿ ಕಿರಣ ತಡೆಯುವಂಥದ್ದೇ ಇರಲಿ. ಸಂಜೆ ಹಚ್ಚಿದರೆ ರಾತ್ರಿ ನಿದ್ದೆ ಕೆಡುತ್ತದೆ. ಕಣ್ಣಿನ ಹಿಂಭಾಗದ ಪದರದ, ಅಂದರೆ ರೆಟಿನಾದ ತೊಂದರೆಯಿದ್ದವರು, ಉನ್ಮಾದ-ಖಿನ್ನತೆಗಳ ನಡುವೆ ಮನಸ್ಸು ಏರಿಳಿಯುವ ಬೈಪೋಲಾರ್ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ನಾನು ಕೊಂಡ ಮೂರರಲ್ಲಿ ಬ್ಯಾಂಡ್ ಅಗ್ಗ, ಬಾಕ್ಸ್ ಎಲ್ಲಕ್ಕಿಂತ ದುಬಾರಿ. ಬೆಳಿಗ್ಗೆ ಒಂದೇ ಕಡೆ ಅರ್ಧ ಗಂಟೆ ಕೂರುವ ರೂಢಿ ನನಗಿರುವುದರಿಂದ ಆ ದುಡ್ಡು ದಂಡವೆನಿಸಲಿಲ್ಲ. ಎದ್ದ ತಕ್ಷಣ ಹಾಲು ಕರೆಯಲೋ ಮಕ್ಕಳನ್ನು ಸ್ಕೂಲ್ ಬಸ್ಸು ಹತ್ತಿಸಲೋ ಓಡುವವರು ಇದನ್ನು ತರಬೇಡಿ. ನೀವು ಹೇಗೂ ಹೊರಗೇ ಇರುತ್ತೀರಿ, ಮೋಡ ಕವಿದಿದ್ದರೂ ಬಯಲಿನ ಬೆಳಕು ಮನೆಯೊಳಗಿನ ಬಲ್ಬಿಗಿಂತ ಎಷ್ಟೋ ಪಾಲು ಹೆಚ್ಚು. ಮಳೆ ಬಿಟ್ಟ ಮೇಲೆ ನಾನೂ ಬಾಕ್ಸನ್ನು ಒಳಗಿಟ್ಟು ಕಾಫಿ ಲೋಟ ಹಿಡಿದು ಕಣಕ್ಕೇ ಹೋಗುತ್ತೇನೆ.