ಮಾಸಿದ ನೀಲಿಗೆ ಯಾವುದು ಸರಿ: ಏರ್‌ಬ್ರಶ್, ಫಿಲ್ಟರ್ ಬಾಟಲಿ, ಎಣ್ಣೆ ಬಣ್ಣ?

ಮೊದಲೇ ಹೇಳಿಬಿಡುತ್ತೇನೆ, ಮಾದರಿ ವಿಮಾನದ ಬಣ್ಣ ಮಾಸಿದ ಹಾಗೆ ಕಾಣಿಸಲು ನನ್ನ ಓಟು ಎಣ್ಣೆ ಬಣ್ಣದ ಟ್ಯೂಬಿಗೆ. ಫಿಲ್ಟರ್ ಬಾಟಲಿಗಳ ಸೆಟ್ ಕೊಂಡು ಕೈಸುಟ್ಟುಕೊಂಡ ಮೇಲೆ ಈ ಮಾತು ಇನ್ನೂ ಗಟ್ಟಿಯಾಗಿದೆ.

ಮಾಡುತ್ತಿದ್ದದ್ದು ಕೋರ್ಸೇರ್ ಅನ್ನುವ ಎರಡನೇ ಮಹಾಯುದ್ಧದ ಅಮೆರಿಕನ್ ಯುದ್ಧವಿಮಾನದ ಮಾದರಿ, ಅಳತೆ ನಿಜದ 48ನೇ ಒಂದು ಭಾಗ. 1943ರಲ್ಲಿ ಅಮೆರಿಕದ ನೌಕಾಪಡೆ ತಂದ ಬಣ್ಣದ ಸ್ಕೀಮ್: ಮೇಲೆ ಹೊಳಪಿಲ್ಲದ ಕಡು ನೀಲಿ, ಪಕ್ಕದಲ್ಲಿ ನಡು ನೀಲಿ, ಹೊಟ್ಟೆ ಬಿಳಿ. ಪೆಸಿಫಿಕ್ ದ್ವೀಪಗಳ ಬಿಸಿಲು, ಉಪ್ಪುಗಾಳಿ, ಹವಳದ ಧೂಳಿಗೆ ಆ ನೀಲಿ ಬೇಗ ಬಿಳಿಚಿಕೊಳ್ಳುತ್ತಿತ್ತು. ಅದೂ ಒಂದೇ ಸಮನಾಗಿ ಅಲ್ಲ. ರೆಕ್ಕೆಯ ಹೊರಭಾಗದ ಹಿಂಬದಿಗೆ ಬಟ್ಟೆ ಹೊದಿಕೆ, ಉಳಿದ ಕಡೆ ಲೋಹ. ಎರಡೂ ಒಂದೇ ಥರ ಮಾಸುವುದಿಲ್ಲ.

ಏರ್‌ಬ್ರಶ್‌ನಲ್ಲಿ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪುಟ್ಟ ಉಪಕರಣ) ಮೂಲ ಬಣ್ಣವನ್ನೇ ತಿಳಿ ಮಾಡಿ, ವಿಮಾನದ ಮೈಯ ತಗಡಿನ ತುಂಡುಗಳ ಅಂದರೆ ಪ್ಯಾನೆಲ್‌ಗಳ ನಡುಭಾಗಕ್ಕೆ ಊದುವುದು ಎಲ್ಲರಿಗೂ ಗೊತ್ತಿರುವ ದಾರಿ. ಬೇಗ ಆಗುತ್ತದೆ. ಆದರೆ ಎಲ್ಲ ಪ್ಯಾನೆಲ್‌ಗೂ ಅದನ್ನೇ ಮಾಡಿದರೆ ವಿಮಾನಕ್ಕೆ ಕೌದಿ ಹೊದೆಸಿದ ಹಾಗೆ ಕಾಣುತ್ತದೆ. ನೀಲಿಗೆ ಸುಮ್ನೆ ಬಿಳಿ ಬೆರೆಸಬೇಡಿ, ಆಟಿಕೆ ಬಣ್ಣ ಆಗುತ್ತದೆ. ಸ್ವಲ್ಪ ಬಫ್ (ಹಳದಿ ಬೆರೆತ ತಿಳಿ ಕಂದು) ಸೇರಿಸಿ.

ಇನ್ನು ಫಿಲ್ಟರ್ ಬಾಟಲಿ. ಎನಾಮೆಲ್ ಬಣ್ಣವನ್ನು ತುಂಬಾ ತೆಳ್ಳಗೆ ಮಾಡಿ ಕೊಟ್ಟಿರುತ್ತಾರೆ, ಹಚ್ಚಿದರೆ ಆಯ್ತು ಅಂದುಕೊಂಡಿದ್ದೆ. ಮ್ಯಾಟ್ (ಹೊಳಪಿಲ್ಲದ) ಬಣ್ಣದ ಮೇಲೆ ಹಚ್ಚಿದೆ. ಒದ್ದೆ ಇದ್ದಾಗ ಚೆನ್ನಾಗಿಯೇ ಇತ್ತು. ಬೆಳಿಗ್ಗೆ ನೋಡಿದರೆ ರೆಕ್ಕೆ ತುಂಬಾ ಉಂಗುರಗಳು! ನೆಲಕ್ಕೆ ಚೆಲ್ಲಿದ ನೀರು ಒಣಗಿ ಅಂಚು ಉಳಿಯುತ್ತದಲ್ವಾ, ಹಾಗೆ. ರೆಕ್ಕೆಯ ಬುಡದಲ್ಲಂತೂ ದ್ರವ ನಿಂತು ಕಂದು ಗೆರೆಯೇ ಬಿದ್ದಿತ್ತು.

ವೈಟ್ ಸ್ಪಿರಿಟ್ (ಬಣ್ಣ ತೆಳು ಮಾಡುವ ದ್ರವ) ಮುಟ್ಟಿಸಿ ಒರೆಸಿದೆ. ಉಂಗುರ ಹೋಗಲಿಲ್ಲ, ಅರ್ಧ ಇಂಚು ಆಚೆ ಸರಿದು ಕೂತಿತು. ಮತ್ತೆ ಒರೆಸಿದೆ, ಮತ್ತೆ ಸರಿಯಿತು. ಮೂರು ರಾತ್ರಿ ಹೀಗೇ ಹೋಯಿತು, ಕೊನೆಗೆ ಎಡ ರೆಕ್ಕೆಗೆ ಪೂರ್ತಿ ಬಣ್ಣ ಹೊಡೆಯಬೇಕಾಯಿತು. ಮ್ಯಾಟ್ ಪದರ ದ್ರವವನ್ನು ಹೀರುತ್ತದೆ. ಹಾಗಾಗಿ ಮೊದಲು ಅರೆ ಹೊಳಪಿನ (ಸೆಮಿ ಗ್ಲಾಸ್) ವಾರ್ನಿಶ್ ಹೊಡೆದು ಚೆನ್ನಾಗಿ ಒಣಗಿಸಬೇಕು. ಬ್ರಶ್ಶನ್ನು ಟಿಶ್ಯೂಗೆ ಒತ್ತಿ, ಬರೀ ತೇವ ಇರುವಾಗ ಹಚ್ಚಬೇಕು. ಇಷ್ಟೆಲ್ಲ ಮಾಡಿದರೂ ಇಡೀ ವಿಮಾನಕ್ಕೆ ಒಂದೇ ಛಾಯೆ ಬರುತ್ತದೆ, ಮಾಸಿದ್ದು ಮಾಸದ್ದು ಬೇರೆಯಾಗುವುದಿಲ್ಲ.

ಎಣ್ಣೆ ಬಣ್ಣದ ಚೆಂದ ಇರುವುದು ಅಲ್ಲೇ. ಚಿತ್ರ ಬರೆಯುವವರು ಬಳಸುವ ಟ್ಯೂಬೇ ಸಾಕು: ಬಿಳಿ, ಬಫ್, ತಿಳಿ ನೀಲಿ, ಒಂದು ಕಂದು. ರಟ್ಟಿನ ಮೇಲೆ ಹಿಂಡಿ ಅರ್ಧ ಗಂಟೆ ಬಿಡಿ. ಅಗಸೆ ಎಣ್ಣೆಯನ್ನು ರಟ್ಟು ಕುಡಿಯುತ್ತದೆ, ಬಣ್ಣ ಹೊಳೆಯದೆ ಬೇಗ ಒಣಗುತ್ತದೆ. ಗುಂಡುಸೂಜಿ ತಲೆಯಷ್ಟು ಚುಕ್ಕೆ ಇಟ್ಟು, ವೈಟ್ ಸ್ಪಿರಿಟ್ ತೇವದ ಚಪ್ಪಟೆ ಬ್ರಶ್‌ನಲ್ಲಿ ಎಳೆಯಿರಿ. ರೆಕ್ಕೆ ಮೇಲೆ ಗಾಳಿ ಹೋಗುವ ದಿಕ್ಕಿಗೆ, ಪಕ್ಕಗಳಲ್ಲಿ ಮೇಲಿಂದ ಕೆಳಕ್ಕೆ. ಬಟ್ಟೆಯ ಭಾಗಕ್ಕೆ ನಾನು ಬಿಳಿ, ಬಫ್ ಜಾಸ್ತಿ ಇಟ್ಟೆ. ಇಷ್ಟವಾಗದಿದ್ದರೆ ಅಳಿಸಿ ಮತ್ತೆ ಶುರು ಮಾಡಬಹುದು.

ಒಣಗಲು ಎರಡು ಮೂರು ದಿನ ಬೇಕು. ಕಿಟಕಿ ತೆರೆದಿಡಿ.

ನನಗೆ ಸಿಗುವುದು ಮಕ್ಕಳು ಮಲಗಿದ ಮೇಲಿನ ಒಂದು ಗಂಟೆ. ಏರ್‌ಬ್ರಶ್ ತೊಳೆಯಲೇ ಅದರಲ್ಲಿ ಕಾಲು ಭಾಗ ಹೋಗುತ್ತದೆ. ಟ್ಯೂಬಾದರೆ ಮುಚ್ಚಳ ತಿರುಗಿಸಿದರೆ ಕೆಲಸ ಶುರು, ವರ್ಷಗಟ್ಟಲೆ ಬಾಳಿಕೆ ಬೇರೆ. ಒಂದೇ ವಾರಾಂತ್ಯದಲ್ಲಿ ಮುಗಿಸಬೇಕು ಅನ್ನುವವರಿಗೆ ಏರ್‌ಬ್ರಶ್ಶೇ ಸರಿ. ಆ ಫಿಲ್ಟರ್ ಸೆಟ್‌ನಲ್ಲಿ ನಾಲ್ಕು ಬಾಟಲಿ ಇನ್ನೂ ತೆರೆದಿಲ್ಲ, ಯಾರಾದರೂ ಕೇಳಿದರೆ ಕೊಟ್ಟುಬಿಡುತ್ತೇನೆ.