ಬೇಸಿಗೆ ರಾತ್ರಿಗೆ ಕೂಲರ್ ಒಳ್ಳೇದಾ, ಎಸಿ ಒಳ್ಳೇದಾ?

ನಿದ್ದೆ ಹತ್ತಬೇಕಾದರೆ ಮೈಯ ಬಿಸಿ ಸ್ವಲ್ಪ ಇಳಿಯಬೇಕು. ಸೆಕೆಯಲ್ಲಿ ಹೊರಳಾಡುವುದು ಅದಕ್ಕೇ. ಮಲಗುವ ಕೋಣೆಗೆ ಏನು ತರಬೇಕು ಅನ್ನುವುದು ನಿಮ್ಮ ಊರಿನ ಮೇಲಿದೆ.

ಕೂಲರ್ ನೀರನ್ನು ಆವಿ ಮಾಡಿ ಗಾಳಿ ತಂಪು ಮಾಡುತ್ತದೆ. ಕಲಬುರಗಿ, ರಾಯಚೂರಿನ ಒಣ ಸೆಕೆಗೆ ಹೇಳಿ ಮಾಡಿಸಿದ್ದು. ಕರೆಂಟ್ ಬಿಲ್ಲೂ ಕಡಿಮೆ. ಆದರೆ ಕಿಟಕಿ ತೆರೆದಿರಬೇಕು, ಸದ್ದು ಜಾಸ್ತಿ, ನೀರು ಬದಲಿಸದಿದ್ದರೆ ಸೊಳ್ಳೆ ಕಾಟ. ಮಂಗಳೂರು, ಉಡುಪಿಯವರು ಮಾತ್ರ ಇದಕ್ಕೆ ದುಡ್ಡು ಹಾಕಬೇಡಿ. ಅಲ್ಲಿನ ಗಾಳಿಯಲ್ಲೇ ತೇವ ತುಂಬಿರುತ್ತದೆ. ನೀರು ಸರಿಯಾಗಿ ಆವಿಯಾಗುವುದಿಲ್ಲ, ಮೈ ಇನ್ನಷ್ಟು ಅಂಟಂಟಾಗುತ್ತದೆ ಅಷ್ಟೇ.

ಎಸಿ ತೇವವನ್ನೂ ಎಳೆಯುತ್ತದೆ, ಹಾಗಾಗಿ ಕರಾವಳಿಗೆ ಅದೇ ಸರಿ. ಬೆಲೆ, ಬಿಲ್ಲು ಎರಡೂ ದುಬಾರಿ. 18ಕ್ಕೆ ಇಟ್ಟು ರಗ್ಗು ಹೊದೆಯುವವರೂ ಇದ್ದಾರೆ, ಸುಮ್ನೆ ದಂಡ ಅಲ್ವಾ? 25–26 ಡಿಗ್ರಿಗೆ ಇಟ್ಟು ಫ್ಯಾನ್ ನಿಧಾನಕ್ಕೆ ಬಿಟ್ಟು ನೋಡಿ.

ಮೈಸೂರು, ಬೆಂಗಳೂರಿನಲ್ಲಿ ಬಹುಪಾಲು ರಾತ್ರಿ ಎರಡೂ ಬೇಡ. ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ತಿನ್ನುವ ಮೋಟಾರಿನದು) ಸಾಕು. ಹಳೇ ಫ್ಯಾನ್ 75 ವ್ಯಾಟ್ ತಿಂದರೆ ಇದು 30ರ ಆಸುಪಾಸು.